ಬಾಬಾಜಾನ ಮಿಸ್ತ್ರಿಯ ಗೇರ್ ಬಾಕ್ಸ್ ದಂಡಯಾತ್ರೆ

ಬೈಲಹೊಂಗಲದ ಬಾಬಾಜಾನ ಮಿಸ್ತ್ರಿ ಬೆಳಿಗ್ಗೆ ಎದ್ದು ಮೊದಲು ಮಾಡುತ್ತಿದ್ದ ಕೆಲಸ ಸಿಟ್ಟಾಗುವುದು. ಚಹಾ ಆಮೇಲೆ. ಅರವತ್ಮೂರು ವರ್ಷದ ಈ ಮನುಷ್ಯನಿಗೆ ಸಿಟ್ಟನ್ನು ಹುಡುಕಿಕೊಂಡು ಹೋಗುವ ತ್ರಾಸೂ ಇರಲಿಲ್ಲ. ಹಿತ್ತಲ ಬಾಗಿಲು ತೆಗೆದರೆ ಸಾಕು, ಬೇವಿನ ಗಿಡದ ಕೆಳಗೆ ಅದು ನಿಂತೇ ಇರುತ್ತಿತ್ತು: ಅರವತ್ತೆಂಟನೆಯ ಇಸವಿಯ, ಜೀಪಿನ ಮೂತಿಯ, ಹಸಿರು ಬಣ್ಣದ ಪಿಕಪ್ ಗಾಡಿ. ಒಂದು ಕಾಲಕ್ಕೆ ಹತ್ತಿಕಾಳು, ಹಿಂಡಿ ಹೇರಿಕೊಂಡು ರಾಮದುರ್ಗದ ತನಕ ಗರ್ಜಿಸುತ್ತ ಹೋಗಿ ಬರುತ್ತಿದ್ದ ಆ ಗಾಡಿ ಇಪ್ಪತ್ತೆರಡು ವರ್ಷಗಳಿಂದ ಒಂದು ಗೇಣೂ ಅಲುಗಿರಲಿಲ್ಲ. ಕಾರಣ, ಅದಕ್ಕೆ ಗೇರ್ ಬಾಕ್ಸ್ ಇರಲಿಲ್ಲ. ಗೇರ್ ಬಾಕ್ಸ್ ಇಲ್ಲದ್ದಕ್ಕೆ ಕಾರಣ ದುಂಡಪ್ಪ.

ದುಂಡಪ್ಪ ಅದೇ ಊರಿನ ಹಿಂಡಿ ವ್ಯಾಪಾರಿ. ಗಾಡಿ ಇಬ್ಬರದು, ಹೇರುವವನು ಅವನು, ಹೊಡೆಯುವವನು ಇವನು. ಹನ್ನೊಂದು ವರ್ಷ ಒಂದೇ ಬುತ್ತಿಯ ರೊಟ್ಟಿ ತಿಂದರು. ಕಡೆಗೊಂದು ಮಧ್ಯಾಹ್ನ ಚಚಡಿಯ ಹತ್ತಿರ ಪೆಟ್ರೋಲು ಮುಗಿದು ಗಾಡಿ ನಿಂತಿತು. ಡಬ್ಬಿ ಹಿಡಿದು ನಡೆಯುವ ಪಾಳಿ ಯಾರದು ಎಂಬ ಪ್ರಶ್ನೆ ಎದ್ದಿತು. ನಿನ್ನದು ಎಂದ ಇವನು. ನಿನ್ನದು ಎಂದ ಅವನು. ಹೊತ್ತು ಮುಳುಗುವ ತನಕ ಇಬ್ಬರೂ ಗಾಡಿಯ ಆಚೆಗೊಬ್ಬ ಈಚೆಗೊಬ್ಬ ಬೆನ್ನು ಮಾಡಿ ಕುಳಿತರು. ಮರುದಿನ ವಾಟಣಿ ಕೇಳಿದರು, ಅಣ್ಣತಮ್ಮಂದಿರು ಹೊಲದ ಪಾಲು ಕೇಳುವ ಹಾಗೆ.

ಪಾಲು ಮಾಡಲು ಬಂದವರು ಹಿರಿಯ ನಿಜಗುಣಪ್ಪ. ಹೊಲ ಹಂಚುವುದರಲ್ಲಿ ಸುತ್ತಿನ ಹತ್ತು ಹಳ್ಳಿಗಳಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಗಾಡಿ ಹಂಚಿದ ಅನುಭವ ಮಾತ್ರ ಇರಲಿಲ್ಲ. ಮಾರಿಬಿಡಿ ಎಂದರೆ ಇಬ್ಬರೂ ಒಪ್ಪಲಿಲ್ಲ. ಆಗ ಅವರು ಹಗ್ಗ ತರಿಸಿ, ಗಾಡಿಯನ್ನು ಮೂತಿಯಿಂದ ಬಾಲದ ತನಕ ಅಳೆದು, ನಡುವೆ ಸುಣ್ಣದ ಗೆರೆ ಎಳೆದು, "ಇದು ಬದು" ಎಂದರು. ಬದುವಿನ ಮುಂದಿನ ಎಂಜಿನ್, ಕ್ಯಾಬಿನ್, ಸ್ಟೇರಿಂಗ್ ಬಾಬಾಜಾನನಿಗೆ. ಹಿಂದಿನ ಗೇರ್ ಬಾಕ್ಸ್, ಅಚ್ಚು, ಚಕ್ರ, ಸಾಮಾನು ಹೇರುವ ತೊಟ್ಟಿ ದುಂಡಪ್ಪನಿಗೆ. ಗೇರ್ ರಾಡು ಮಾತ್ರ ದುಂಡಪ್ಪನ ಪಾಲಿನಲ್ಲಿ ಹುಟ್ಟಿ ಬಾಬಾಜಾನನ ಪಾಲಿನೊಳಗೆ ತಲೆ ಎತ್ತಿತ್ತು. ನಿಜಗುಣಪ್ಪ ರಾಡನ್ನು ತುದಿಯಿಂದ ಬುಡದ ತನಕ ಸವರಿ ನೋಡಿ, "ಗಿಡದ ಬೇರು ಯಾರ ಹೊಲದಾಗ ಐತಿ, ಹಣ್ಣು ಅವರದು" ಎಂದರು. ರಾಡೂ ದುಂಡಪ್ಪನಿಗೆ ಹೋಯಿತು. ಒಬ್ಬರ ಪಾಲಿಗೆ ಇನ್ನೊಬ್ಬರು ಕೈ ಹಚ್ಚಬಾರದು ಎಂದು ಬಾಂಡ್ ಪೇಪರಿನ ಮೇಲೆ ಬರೆಸಿ, ಇಬ್ಬರ ಸಹಿ ಹಾಕಿಸಿ, ಚಹಾ ಕುಡಿದು ಎದ್ದುಹೋದರು. ಹೀಗೆ ಲೋಕದಲ್ಲಿ ಓಡುವ ಗಾಡಿ ಒಂದು ಕಡಿಮೆಯಾಗಿ, ಓಡದ ಗಾಡಿಗಳು ಎರಡು ಹುಟ್ಟಿದವು.

ಬಾಬಾಜಾನ ಹಠವಾದಿ. ಕಂಡವರ ಹಿತ್ತಲು ತಡಕಿ ಹಿಂದಿನ ಅಚ್ಚು ತಂದ. ಎರಡು ಊರಿನಿಂದ ಎರಡು ಹಿಂದಿನ ಚಕ್ರ ತಂದ. ಚಚಡಿಯ ವಾಡೆಯ ದುರಸ್ತಿಯಲ್ಲಿ ಬಿಸಾಕಿದ ಸಾಗವಾನಿ ಹಲಗೆಗಳನ್ನು ಬೇಡಿ ತಂದು ತೊಟ್ಟಿ ಕಟ್ಟಿದ. ಎಂಜಿನ್ನನ್ನು ಎರಡು ಸಲ ಬಿಚ್ಚಿ ಕೂಡಿಸಿದ. ಕೀಲಿ ತಿರುಗಿಸಿದರೆ ಅದು ಹುಲಿಯಂತೆ ಗರ್ಜಿಸುತ್ತಿತ್ತು, ಗಾಡಿ ಮಾತ್ರ ನಿಂತಲ್ಲೇ ನಿಲ್ಲುತ್ತಿತ್ತು. ಗೇರ್ ಬಾಕ್ಸ್ ಒಂದು ಮಾತ್ರ ಎಲ್ಲಿಯೂ ಸಿಗಲಿಲ್ಲ. ಓಡದ ಗಾಡಿಯ ಸೀಟಿನ ಮೇಲೆ ಕೋಳಿಗಳು ಮೊಟ್ಟೆ ಇಡತೊಡಗಿದವು.

ಅನಾಹುತ ಆದದ್ದು ಆ ಮೊಟ್ಟೆಗಳಿಂದಲೇ. ಬಾಬಾಜಾನನ ಹೆಂಡತಿ ಜೈಬುನ್ನಿಸಾ ಸೀಟಿನ ಸಂದಿಗೆ ಕೈ ಹಾಕಿದಾಗ ಚೇಳು ಕಡಿಯಿತು. ಮೂರು ದಿನ ಬಾತ ಬೆರಳನ್ನು ಎತ್ತಿ ಹಿಡಿದುಕೊಂಡೇ ಓಡಾಡಿದಳು. ನಾಲ್ಕನೆಯ ದಿನ ಅದೇ ಬೆರಳನ್ನು ಗಂಡನ ಮೂಗಿಗೆ ಹಿಡಿದಳು.

"ಮುಂದಿನ ಶುಕ್ರವಾರ ಬಿಟ್ಟು ಅದರ ಮುಂದಿನ ಶುಕ್ರವಾರ. ಅಷ್ಟರಾಗ ಗಾಡಿ ತನ್ನ ಕಾಲ ಮ್ಯಾಲ ತಾ ಹೊರಗ ಹೋಗಬೇಕು. ಇಲ್ಲಂದ್ರ ಗುಜರಿ ಲಕ್ಕಪ್ಪ ಬಂದು ಕತ್ತರಿಸಿ ಒಯ್ಯತಾನ. ಹೇಳಿ ಬಂದೇನಿ."

"ನನ್ನ ಕೇಳದನ?"

"ಚೇಳು ನನ್ನ ಕೇಳಿ ಕಡೀತೇನ್ರಿ?"

"ಅದು ಬರೇ ಗಾಡಿ ಅಲ್ಲ ಜೈಬು…"

"ಹೌದ್ರಿ. ಕೋಳಿ ಗೂಡು."

ಬಾಬಾಜಾನ ಮರುದಿನವೇ ಬೋಲ್ಟು ತಿರುಗಿಸುವ ಪಾನಾಗಳ ಚೀಲ ಹೆಗಲಿಗೇರಿಸಿ ದಂಡಯಾತ್ರೆ ಹೊರಟ. ಮೊದಲ ಮುತ್ತಿಗೆ ಕಿತ್ತೂರಿಗೆ. ಅಲ್ಲಿ ಟ್ರ್ಯಾಕ್ಟರ್ ರಿಪೇರಿಯ ಸಿದ್ಧಾರೂಢ ಹಳೆಯ ಪರಿಚಯ. ಚಹಾ ತರಿಸಿ, ಸಮಸ್ಯೆ ಕೇಳಿ, ತುಂಬ ಯೋಚಿಸಿ, "ಮಿಸ್ತ್ರಿಯವರ, ಇಂಥಾ ಮೂರು ಗೇರಿನ ಬಾಕ್ಸ್ ಈ ಭಾಗದಾಗ ಒಂದ ಉಳದೈತ್ರಿ. ನಿಮ್ಮೂರಾಗ ಹಿಂಡಿ ದುಂಡಪ್ಪ ಅಂತ…" ಎನ್ನುವಷ್ಟರಲ್ಲಿ ಬಾಬಾಜಾನ ಅರ್ಧ ಚಹಾ ಬಿಟ್ಟು ರಸ್ತೆಗಿಳಿದಿದ್ದ.

ಸವದತ್ತಿಯ ಗುಜರಿ ರಾಶಿಯಲ್ಲಿ ಎರಡು ದಿನ ಅಗೆದ. ಒಂದು ಬಾಕ್ಸ್ ಸಿಕ್ಕಿತು. ನೋಡಲು ಅದರಂತೆಯೇ ಇತ್ತು. ಹೊಸ ಮಾಡೆಲ್ಲಿನದು, ಬೋಲ್ಟಿನ ತೂತುಗಳು ಅರ್ಧ ಇಂಚು ಆಚೆ. ಬಾಬಾಜಾನ ಆ ತೂತುಗಳೊಂದಿಗೆ ಅರ್ಧ ತಾಸು ಜಗಳ ಮಾಡಿದ. ಗುಜರಿಯವನಿಗೆ ಕನಿಕರ ಬಂತು. "ಅಲ್ರಿ ಚಾಚಾ, ಬೈಲಹೊಂಗಲದಾಗ ಒಬ್ರು…"

"ಹೆಸರು ತಗದ್ರ ಈ ಬಾಕ್ಸ್ ನಿನ್ನ ಕಾಲ ಮ್ಯಾಲ ಬಿಡತೇನಿ!"

ಉಳಿದದ್ದು ರಾಮದುರ್ಗ. ಅಲ್ಲಿ ಕೌಸರ್‌ಳ ಸ್ಪೇರ್ ಪಾರ್ಟ್ಸ್ ಅಂಗಡಿ. ತಂದೆಯ ಕಾಲದ ಅಂಗಡಿಯನ್ನು ತಂದೆಗಿಂತ ಚೆನ್ನಾಗಿ ನಡೆಸುವ ನಲವತ್ತರ ಹೆಂಗಸು. ಕಣ್ಣು ಮುಚ್ಚಿ ಬೇರಿಂಗ್ ಸವರಿ ಅದು ಯಾವ ಗಾಡಿಯದೆಂದು ಹೇಳುವಾಕೆ.

"ಅರವತ್ತೆಂಟರ ಮಾಡೆಲ್ಲೇನ್ರಿ ಚಾಚಾ? ಮೂರು ಗೇರಿಂದು? ತಡೀರಿ, ಒಂದು ಫೋಟೋ ಐತಿ."

ಬಾಬಾಜಾನ ಹೆಗಲ ಚೀಲ ಕೆಳಗಿಟ್ಟು ಕತ್ತು ಚಾಚಿದ. ಕೌಸರ್ ಮೊಬೈಲು ಮುಂದೆ ಹಿಡಿದಳು. ಫೋಟೋದಲ್ಲಿ ಎಣ್ಣೆ ಹಚ್ಚಿ ಮಿರಮಿರ ಮಿಂಚುವ ಗೇರ್ ಬಾಕ್ಸ್. ಅದರ ಎಡಗಿವಿಯ ಮೇಲೆ ಎರೆಹುಳದಂತೆ ಸುತ್ತಿಕೊಂಡ ವೆಲ್ಡಿಂಗ್ ಗುರುತು. ಆ ಹುಳವನ್ನು ಮೂವತ್ತು ವರ್ಷದ ಹಿಂದೆ ಅಲ್ಲಿ ಕೂರಿಸಿದವನು ಬಾಬಾಜಾನನೇ.

"ಯಾರು ಕೊಟ್ಟದ್ದಿದು?"

"ನಿಮ್ಮೂರವರ. ವರ್ಷಕ್ಕ ಎರಡು ಸಲ ಬರತಾರ. ಇದಕ್ಕ ಕೂಡೋ ಎಂಜಿನ್ ಬೇಕಂತ ಅವರಿಗೆ. ಅಂಥಾ ಎಂಜಿನ್ ನಿಮ್ಮೂರಾಗ ಒಬ್ರ ಕಡೆ ಐತಂತಲ್ರಿ ಅಂದೆ. ಅದಕ್ಕ ಅವರು…" ಕೌಸರ್ ಸೆರಗನ್ನು ಬಾಯಿಗೊತ್ತಿಕೊಂಡಳು.

"ಹೇಳು ಬೇಟಿ."

"ಅದು ಒಬ್ಬ ಮಂಗ್ಯಾನ ಕಡೆ ಐತಿ, ಅದನ್ನ ಬಿಟ್ಟು ಬ್ಯಾರೆ ಹುಡುಕು ಅಂದ್ರು. ಯಾಕ್ರಿ ಚಾಚಾ, ನಿಮಗ ಗುರತು ಐತೇನ್ರಿ?"

"ಯಾರ ಗುರತು? ಅಂದವಂದೊ, ಮಂಗ್ಯಾಂದೊ?"

ಉತ್ತರಕ್ಕೆ ಕಾಯದೆ ಬಸ್ಸು ಹತ್ತಿದ. ದಾರಿಯುದ್ದಕ್ಕೂ ದುಂಡಪ್ಪನನ್ನು ಬೈಯಲು ಬೈಗುಳ ಹೊಂದಿಸಿದ. ಸವದತ್ತಿ ದಾಟುವಷ್ಟರಲ್ಲಿ ದುಂಡಪ್ಪನ ಅಜ್ಜನವರೆಗೆ ಮುಟ್ಟಿದ್ದ. ತುಟಿಯೂ ಕೈಯೂ ಆಡುವುದನ್ನು ಕಂಡು ಪಕ್ಕದವರು ಎದ್ದು ಬೇರೆ ಸೀಟಿಗೆ ಹೋದರು. ಬೈಲಹೊಂಗಲದಲ್ಲಿ ಇಳಿದವನೇ ಇಪ್ಪತ್ತೆರಡು ವರ್ಷ ತುಳಿಯದ ಓಣಿಗೆ ನುಗ್ಗಿದ. ದುಂಡಪ್ಪ ಕಟ್ಟೆಯ ಮೇಲೆ ಕುಳಿತು ಅಡಕೆ ಕತ್ತರಿಸುತ್ತಿದ್ದ. ಅವನ ಹೆಂಡತಿ ರಾಚವ್ವ ಬಾಗಿಲಲ್ಲಿ ಜೋಳ ಹಸನು ಮಾಡುತ್ತಿದ್ದಳು.

"ರಾಚವ್ವ, ಮಂಗ್ಯಾ ಬಂದೈತಿ ಅಂತ ನಿಮ್ಮ ಯಜಮಾನರಿಗೆ ಹೇಳ್ರಿ!"

ದುಂಡಪ್ಪ ತಲೆ ಎತ್ತಲಿಲ್ಲ. "ಕೇಳಿಸ್ತು. ಬಾಲ ಹೊರಗ ಬಿಟ್ಟು ಒಳಗ ಬಾ ಅನ್ನು."

ಪಡಸಾಲೆಯಲ್ಲಿ, ಮಣೆಯ ಮೇಲೆ, ಗೇರ್ ಬಾಕ್ಸ್ ಕುಳಿತಿತ್ತು. ದುಂಡಪ್ಪನ ಪಾಲಿನ ತೊಟ್ಟಿ ದನಗಳಿಗೆ ಮೇವು ಹಾಕಲು ಹೋಗಿತ್ತು, ಚಕ್ರಗಳು ಎತ್ತಿನ ಚಕ್ಕಡಿಗೆ ಹೋಗಿದ್ದವು, ಅಚ್ಚು ಮಣ್ಣುಪಾಲಾಗಿತ್ತು. ಇದಕ್ಕೆ ಮಾತ್ರ ಅಮಾವಾಸ್ಯೆಗೊಮ್ಮೆ ಎಣ್ಣೆ, ವಿಭೂತಿ, ನಿಂಬೆಹಣ್ಣು. ಬಾಬಾಜಾನ ಬಗ್ಗಿ ಒಳಗೆ ಬೆರಳಾಡಿಸಿದ. ತುಕ್ಕಿಲ್ಲ. ಧೂಳಿಲ್ಲ. ಹಲ್ಲುಗಳೆಲ್ಲ ಹಾಲುಹಲ್ಲಿನಂತಿದ್ದವು. ಬೈಯಲು ಒಂದು ಕಾರಣವೂ ಸಿಗದೆ ಅವನ ಸಿಟ್ಟು ಇಮ್ಮಡಿಯಾಯಿತು.

"ಕೊಡು ಇದನ್ನ."

"ಕೊಡೂದಿಲ್ಲ. ನೀ ಎಂಜಿನ್ ಕೊಡು."

"ಸತ್ರೂ ಕೊಡಂಗಿಲ್ಲ."

"ಹಂಗಾರ ಸಾಯಿ."

"ನಾ ಯಾಕ ಸಾಯಲಿ? ಸಾಯೋದು ಎಂಜಿನ್. ಶುಕ್ರವಾರ ಲಕ್ಕಪ್ಪ ಬಂದು ಕತ್ತರಿಸ್ತಾನ. ಆಮ್ಯಾಲೆ ನಿನ್ನ ಈ ದೇವರಿಗೆ ಜಗತ್ತಿನಾಗ ಜೋಡಿ ಇರಂಗಿಲ್ಲ. ಊದಿನಕಡ್ಡಿ ಹಚ್ಚಿಕೋತ ಕುಂಡ್ರು!"

ಅಡಕತ್ತರಿ ನಿಂತಿತು. "ಏನಂದಿ? ಆ ಎಂಜಿನ್ನ ಕತ್ತರಿಸ್ತಾನ? ಯಾರಪ್ಪನ ಗಾಡಿ ಅಂತ? ನಾಚಿಕಿ ಬರಂಗಿಲ್ಲೇನು ನಿನಗ, ಒಂದು ಎಂಜಿನ್ ಕಾಯಾಕ ಆಗಲಿಲ್ಲ!"

"ಬಾಕ್ಸ್ ಕೊಡು, ಕಾಯತೇನಿ!"

ಬಾಂಡ್ ಪೇಪರ್ ಹೊರಬಂತು. ದುಂಡಪ್ಪ ಬೆರಳಿಟ್ಟು ಓದಿದ: ಒಬ್ಬರ ಪಾಲಿಗೆ ಇನ್ನೊಬ್ಬರು ಕೈ ಹಚ್ಚಬಾರದು. ತಿದ್ದಿಸೋಣವೆಂದರೆ ನಿಜಗುಣಪ್ಪ ತೀರಿಕೊಂಡು ಆರು ವರ್ಷವಾಗಿತ್ತು. ಸತ್ತ ಪಂಚರ ಮಾತು ಮೀರುವಷ್ಟು ಇಬ್ಬರೂ ಕೆಟ್ಟಿರಲಿಲ್ಲ. ಒಬ್ಬರ ಮುಂದೊಬ್ಬರು ಸೋಲುವಷ್ಟು ಒಳ್ಳೆಯವರೂ ಆಗಿರಲಿಲ್ಲ.

ರಾಚವ್ವನ ತಾಳ್ಮೆ ಹರಿಯಿತು. ಮೊರ ಕುಕ್ಕಿ ಎದ್ದು ನಿಂತಳು. "ಹಂಗಾರ ಒಂದ ಮಾಡ್ರಿ! ಅಣ್ಣಾರು ಸ್ಟೇರಿಂಗ್ ಹಿಡೀಲಿ, ನೀವು ಮಗ್ಗಲದಾಗ ಕುಂತು ಗೇರ್ ಹಾಕ್ರಿ. ನಾನೂ ಜೈಬುನ್ನಿಸಾನೂ ಹಿಂದ ನಿಂತು ಇಬ್ಬರಿಗೂ ಬಾರಕೋಲ ಬೀಸತೇವಿ!"

ಅವಳು ಹೇಳಿದ್ದು ಚೇಷ್ಟೆಗೆ. ಇಬ್ಬರು ಮುದುಕರಿಗೆ ಅದು ತೀರ್ಪಿನಂತೆ ಕೇಳಿಸಿತು. ಇಪ್ಪತ್ತೆರಡು ವರ್ಷದ ನಂತರ ಮೊದಲ ಸಲ ಮುಖ ಮುಖ ನೋಡಿಕೊಂಡರು.

"ಕಾಗದದಾಗ ಅದಕ್ಕ ಅಡ್ಡಿ ಇಲ್ಲ," ಎಂದ ದುಂಡಪ್ಪ.

"ಇಲ್ಲ," ಎಂದ ಬಾಬಾಜಾನ, ಹಲ್ಲು ಕಚ್ಚಿ.

ಗೇರ್ ಬಾಕ್ಸ್ ಚಕ್ಕಡಿಯ ಮೇಲೆ, ಹುಲ್ಲಿನ ಹಾಸಿಗೆಯಲ್ಲಿ ಮಲಗಿ ಬಂತು. ಬಾಬಾಜಾನ ಅದನ್ನು ಮುಟ್ಟುವಂತಿಲ್ಲ. ಹಾಗಾಗಿ ಜನ್ಮದಲ್ಲಿ ಪಾನಾ ಹಿಡಿಯದ ದುಂಡಪ್ಪ ಧೋತರ ಮೇಲೆ ಕಟ್ಟಿ, ಗಾಡಿಯ ಕೆಳಗೆ ಅಂಗಾತ ಮಲಗಿ, ಜಾಕಿನ ಮೇಲೆ ಕೂರಿಸಿದ ಬಾಕ್ಸನ್ನು ಎರಡೂ ಕೈಯಲ್ಲಿ ಹಿಡಿದುಕೊಳ್ಳಬೇಕಾಯಿತು. ಬೋಲ್ಟುಗಳು ಯಾರವು ಎಂದು ಒಂದು ಇಡೀ ಬೆಳಗು ವಾದ ನಡೆಯಿತು. ಅವು ಬದುವಿನ ಮೇಲಿವೆ, ಇಬ್ಬರೂ ತಿರುಗಿಸಬಹುದು ಎಂದು ತೀರ್ಮಾನವಾಯಿತು. ಮೂರು ದಿನ ಗಾಡಿಯ ಕೆಳಗಿನಿಂದ ಎರಡು ಜೊತೆ ಕಾಲುಗಳೂ ನೂರಾರು ಬೈಗುಳಗಳೂ ಹೊರಗೆ ಬರುತ್ತಿದ್ದವು. ಜೈಬುನ್ನಿಸಾ ಎರಡು ಕಪ್ಪು ಚಹಾ ತಂದು ಇಟ್ಟು, ಕಿವಿಗೆ ಸೆರಗು ಮುಚ್ಚಿಕೊಂಡು ಹೋಗುತ್ತಿದ್ದಳು.

ಶುಕ್ರವಾರ ಬೆಳಿಗ್ಗೆ ಲಕ್ಕಪ್ಪ ಗ್ಯಾಸ್ ಕಟರ್ ಸಮೇತ ಬಂದ. ಹಿತ್ತಲ ಗೇಟು ತೆರೆದಿತ್ತು. ಬಾಬಾಜಾನ ಸ್ಟೇರಿಂಗಿನ ಹಿಂದೆ ಕುಳಿತಿದ್ದ, ಎಡಕ್ಕೆ ದುಂಡಪ್ಪ ರಾಡಿನ ಮೇಲೆ ಕೈಯಿಟ್ಟು ಕುಳಿತಿದ್ದ. ಎಂಜಿನ್ ಗುಡುಗಿತು. ಕೋಳಿಗಳು ಮಾಳಿಗೆ ಹತ್ತಿದವು.

"ಕ್ಲಚ್ ಒತ್ತೇನಿ. ಹಾಕು!"

"ಯಾರಿಗೆ ಹೇಳತಿ? ನಿನ್ನ ಆಳು ಏನು ನಾ?"

"ಕಾಲು ನಡಗಾಕ ಹತ್ತೈತಿ, ಹಾಕೋ ಮಾರಾಯ!"

ಕಟಾರನೆ ಸದ್ದಾಯಿತು. ಗಾಡಿ ಒಮ್ಮೆ ಕೆಮ್ಮಿ, ಮುಂದಕ್ಕೆ ಜಿಗಿದು, ಗೇಟು ದಾಟಿ ಓಣಿಗೆ ಬಿತ್ತು. ಲಕ್ಕಪ್ಪ ತನ್ನ ಸಿಲಿಂಡರನ್ನು ತಬ್ಬಿಕೊಂಡು ಗೋಡೆಗೆ ಒರಗಿದ. "ಇದನ್ನ ಕತ್ತರಿಸಬೇಕಿತ್ತೇನ್ರಿ ಅಕ್ಕಾರ?" ಎಂದ. ಜೈಬುನ್ನಿಸಾ, "ಗಾಡೀನ್ನಲ್ಲ, ಆ ಇಬ್ಬರ ನಾಲಿಗೀನ್ನ" ಎಂದಳು.

ಓಣಿಯುದ್ದಕ್ಕೂ ಗಾಡಿ ಮೊದಲನೆಯ ಗೇರಿನಲ್ಲೇ ಕಿರುಚುತ್ತ ಹೋಯಿತು. ಎರಡನೆಯದು ಹಾಕೆಂದು ಬಾಬಾಜಾನ ಅರಚಿದ. ನನ್ನ ಗೇರು, ನನಗ ತಿಳಿದಾಗ ಹಾಕತೇನಿ ಎಂದು ದುಂಡಪ್ಪ ತಿರುಗಿ ಅರಚಿದ. ಸೇಡಿಗೆ ಬಾಬಾಜಾನ ಪೇಟೆಯ ಕಡೆ ತಿರುಗುವ ಬದಲು ಸವದತ್ತಿ ರಸ್ತೆಗೆ ತಿರುಗಿಸಿದ. ಅಂಗಡಿಗಳ ಜನ ಎದ್ದು ನಿಂತರು. ಎರಡನೆಯ ಗೇರು ಹಲ್ಲು ಕಡಿಯುತ್ತ ಬಿತ್ತು. ಅದಕ್ಕೂ ಇಬ್ಬರೂ ಒಬ್ಬರನ್ನೊಬ್ಬರು ಬೈದುಕೊಂಡರು.

ಊರು ಹಿಂದಾಯಿತು. ಹತ್ತಿ ಹೊಲಗಳ ನಡುವೆ ರಸ್ತೆ ನೆಟ್ಟಗಾಯಿತು. ಬೈಯಲು ಬಾಯಿ ತೆರೆದಿದ್ದ ಬಾಬಾಜಾನ ಎಂಜಿನ್ನಿನ ಸದ್ದು ಕೇಳಿ ಕ್ಲಚ್ ಒತ್ತಿದ. ಅದೇ ಗಳಿಗೆಗೆ ರಾಡು ಸರಿದು ಮೂರನೆಯ ಗೇರು ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ ಇಳಿಯಿತು. ಹೇಳಿದವರಿಲ್ಲ, ಕೇಳಿದವರಿಲ್ಲ. ಹನ್ನೊಂದು ವರ್ಷ ಮಗ್ಗುಲಲ್ಲಿ ಕುಳಿತು ಕೇಳಿದ ಆ ಸದ್ದು ಈ ಹಿಂಡಿ ವ್ಯಾಪಾರಿಗೆ ಇನ್ನೂ ನೆನಪಿದೆ ಎಂಬುದು ಬಾಬಾಜಾನನನ್ನು ಎಲ್ಲದಕ್ಕಿಂತ ಹೆಚ್ಚು ರೇಗಿಸಿತು.

"ಇಷ್ಟೊತ್ತು ಬೇಕಂತ ಹಾಕಿದ್ದಿಲ್ಲಲ್ಲ ನೀ, ಕಳ್ಳ ನನ್ಮಗನ!"

"ಮುಂದ ನೋಡಿ ಹೊಡಿ. ಎಮ್ಮಿ ಬರಾಕ ಹತ್ತೈತಿ."

ಎಮ್ಮೆ ಆಗಲೇ ರಸ್ತೆ ಬಿಟ್ಟು ಹೊಲಕ್ಕೆ ಇಳಿದಿತ್ತು. ಆದರೂ ಬಾಬಾಜಾನ ಹಾರ್ನು ಒತ್ತಿ ಹಿಡಿದ. ಹಾರ್ನು ಅವನ ಪಾಲಿನದು.