ತೊಟ್ಟಿಲ ಗುಂಡಿನ ಕೋಲು

ಬಣ್ಣ ಹಚ್ಚಿ ಕಿಟಕಿ ಮುಚ್ಚಿಟ್ಟ ಹೊಸ ಮನೆಗೆ ಒಂದು ವಾಸನೆ ಇರುತ್ತದೆ. ಮೇಲಿನದು ಬಣ್ಣದ್ದು, ಅದರ ಅಡಿಯಲ್ಲಿ ಗೋಡೆಯ ಇನ್ನೂ ಪೂರಾ ಆರದ ಗಿಲಾವಿನದು. ಹೋದ ವಾರ ಬೆಳಗಾವಿಯ ರಾಮತೀರ್ಥ ನಗರದಲ್ಲಿ ಒಂದು ಮನೆಯ ಬಾಗಿಲು ತೆಗೆದಾಗ ಅದೇ ವಾಸನೆ ಬಂತು. ಮನೆ ಕೊಳ್ಳುವವರು ಕೀಲಿ ಕೊಟ್ಟು ಅಂಗಳದಲ್ಲಿ ನಿಂತಿದ್ದರು. ನನ್ನ ಹತ್ತಿರ ಕೆಲಸ ಕಲಿಯುತ್ತಿರುವ ಇಬ್ಬರು ಹೆಣ್ಣುಮಕ್ಕಳು ಹಿಂದೆ ಇದ್ದರು. ನಾನು ಮಾತ್ರ, ನನಗೆ ಈ ಕೆಲಸ ಕಲಿಸಿದ ಸರ್ ಕೊಟ್ಟ ಬಿದಿರಿನ ಕೋಲು ಹಿಡಿದು ಹೊಸ್ತಿಲಲ್ಲೇ ನಿಂತುಬಿಟ್ಟೆ...

ಆ ಕೋಲಿನ ತುದಿಗೆ ಒಂದು ಹಿತ್ತಾಳೆ ಗುಂಡು ಇದೆ. ಸರ್ ತಮ್ಮ ಮಗಳನ್ನು ತೂಗಿದ ತೊಟ್ಟಿಲಿನದು. ತೊಟ್ಟಿಲು ಅಟ್ಟ ಸೇರಿದ ಮೇಲೆ ಅದನ್ನು ಬಿಚ್ಚಿ ಕೋಲಿಗೆ ಸಿಕ್ಕಿಸಿಕೊಂಡಿದ್ದರಂತೆ. ಅದರಿಂದ ನೆಲದ ಫರ್ಸಿಕಲ್ಲು, ಗೋಡೆ, ಸೂರು ಎಲ್ಲವನ್ನೂ ತಟ್ಟುತ್ತ ಹೋಗುತ್ತಿದ್ದರು. ಗಟ್ಟಿಯಿದ್ದಲ್ಲಿ ಒಂದು ಸದ್ದು, ಪೊಳ್ಳಿದ್ದಲ್ಲಿ ಇನ್ನೊಂದು.

ಮನೆ ಕೊಳ್ಳುವ ಮುಂಚೆ ಅದನ್ನು ತಿಳಿದವರಿಂದ ಪರೀಕ್ಷೆ ಮಾಡಿಸಬೇಕು ಎಂಬ ಮಾತನ್ನು ಬೆಳಗಾವಿಯಲ್ಲಿ ನಾನು ಮೊದಲು ಕೇಳಿದ್ದು ಅವರ ಬಾಯಿಂದಲೇ. ಗುತ್ತಿಗೆದಾರರ ಹತ್ತಿರ ಎಂಜಿನಿಯರ್ ಆಗಿದ್ದವರು ಆ ಕೆಲಸ ಬಿಟ್ಟು ಇದಕ್ಕೆ ಇಳಿದಾಗ ಜನ ನಕ್ಕರಂತೆ. ಹೆಣ್ಣು ನೋಡಲು ಹೋಗಿ ಹಲ್ಲು ಎಣಿಸಿದ ಹಾಗಾಯಿತು ಅಂದರಂತೆ. ಮನೆ ಕಟ್ಟಿ ಮಾರುವವರಂತೂ ಅವರ ಸ್ಕೂಟರ್ ಕಂಡರೆ ಗೇಟು ಹಾಕಿಕೊಳ್ಳುತ್ತಿದ್ದರು. ಕರೆಸಿದವರಲ್ಲೂ ಬಹಳಷ್ಟು ಮಂದಿ ಅವರನ್ನು ವಾಸ್ತು ನೋಡುವವರೆಂದೇ ತಿಳಿದು, ತಟ್ಟೆಯಲ್ಲಿ ಎಲೆ ಅಡಿಕೆ, ತೆಂಗಿನಕಾಯಿ ಇಟ್ಟು, ಬಾಗಿಲು ಯಾವ ದಿಕ್ಕಿಗಿದ್ದರೆ ಒಳ್ಳೆಯದು ಎಂದು ಕೇಳುತ್ತಿದ್ದರು.

“ನಾ ದಿಕ್ಕ ನೋಡಾಂವ ಅಲ್ಲರೀ. ನೀರ ಎಲ್ಲಿ ಇಳೀತೈತಿ, ಅದನ್ನ ನೋಡಾಂವ,” ಎನ್ನುತ್ತಿದ್ದರು. ಕಾಯನ್ನು ಮಾತ್ರ ಬಿಟ್ಟು ಬರುತ್ತಿರಲಿಲ್ಲ. ಸಂಜೆ ತರಗತಿಯಲ್ಲಿ ಒಡೆದು ನಮಗೆಲ್ಲ ಹಂಚುತ್ತಿದ್ದರು.

ತರಗತಿ ನಡೆಯುತ್ತಿದ್ದದ್ದು ಅವರ ಗೆಳೆಯರೊಬ್ಬರ ಹಿಟ್ಟಿನ ಗಿರಣಿಯ ಮೇಲಿನ ಕೋಣೆಯಲ್ಲಿ. ಡಿಪ್ಲೊಮಾ ಮುಗಿಸಿ ಕೆಲಸವಿಲ್ಲದೆ ಕೂತಿದ್ದ ನಾನು ಸೇರಿದ್ದು ಅಲ್ಲಿಗೇ. ಕೆಳಗೆ ಗಿರಣಿ ಶುರುವಾದರೆ ಮೇಲೆ ನೆಲ ನಡುಗುತ್ತಿತ್ತು, ನಮ್ಮ ತಲೆಯೆಲ್ಲ ಬೆಳ್ಳಗಾಗುತ್ತಿತ್ತು. ಕಿವಿಯಿಂದ ಕಲಿಯುವ ವಿದ್ಯೆಯನ್ನು ಗಿರಣಿಯ ಮೇಲೆ ಕಲಿಸುವುದು ಸರ್ ಅವರ ಹಣೆಯಲ್ಲಿ ಬರೆದಿತ್ತು. ಸದ್ದಿಲ್ಲದ ಒಂದು ಜಾಗ, ತಮ್ಮದೇ ಒಂದು ಶಾಲೆ... ಅವರ ಆಸೆ ಅದೊಂದೇ.

ಯಾವ ಮನೆಗೆ ಹೋದರೂ ಅವರದೊಂದು ಪದ್ಧತಿ. ಚಪ್ಪಲಿ ಹೊರಗೆ ಬಿಟ್ಟು, ಬರಿ ನೆಲದ ಮೇಲೆ ಕೂತು, ಎಲ್ಲರೂ ಕಣ್ಣು ಮುಚ್ಚಬೇಕು.

“ಮೊದಲ ಮನಿ ಏನ ಹೇಳತೈತಿ ಕೇಳ್ರಿ. ಆಮ್ಯಾಲ ನೀವ ಮಾತಾಡ್ರಿ.”

ಅಂಗಾಲಿಗೆ ನೆಲದ ತಂಪು ಹತ್ತುತ್ತಿತ್ತು. ಎಲ್ಲೋ ಕೊಳವೆಯೊಳಗೆ ನೀರು ಸರಿಯುತ್ತಿತ್ತು. ರೆಪ್ಪೆಯ ಮೇಲೆ ಬಿಸಿಲು ಬಂದು ಹೋಗುತ್ತಿತ್ತು. ನಾನು ಕೂತಿದ್ದೇನೋ, ತೇಲುತ್ತಿದ್ದೇನೋ ತಿಳಿಯದಂತಾಗುವ ಹೊತ್ತಿಗೆ ಅವರು ಮೆಲ್ಲಗೆ “ಏಳ್ರಿ ಇನ್ನ” ಎನ್ನುತ್ತಿದ್ದರು. ಒಮ್ಮೆ ಹಳೆಯ ಕಲ್ಲಿನಲ್ಲಿ ನೀರು ಹರಿದುಹೋಗುವ ದಾರಿ ತೋರಿಸಲು ಹಲಸಿ ಊರಿನ ಗುಡಿಗೆ ಕರೆದೊಯ್ದಿದ್ದರು. ಅಲ್ಲಿ ಹಾಗೆ ಎಷ್ಟು ಹೊತ್ತು ಕೂತೆವೆಂದರೆ, ಪೂಜಾರಿ ನಮ್ಮನ್ನು ಹರಕೆ ಹೊತ್ತು ಬಂದವರೆಂದು ತಿಳಿದು ಪ್ರಸಾದ ತಂದುಕೊಟ್ಟರು. ಸರ್ ಅದನ್ನೂ ಬಿಡಲಿಲ್ಲ.

ಕೊನೆಗೆ ಅವರು ಖಾನಾಪುರದಲ್ಲಿದ್ದ ಸ್ವಂತ ಮನೆಯನ್ನು ಮಾರಿ, ರಾಮತೀರ್ಥ ನಗರದಲ್ಲಿ ಶಾಲೆ ಕಟ್ಟಲು ನಿಶ್ಚಯಿಸಿದರು. ಹಿಂದೆ ಒಂದು ಕೋಣೆ ಇದ್ದರೆ ತಮಗಿಬ್ಬರಿಗೂ ಸಾಕು ಎಂದು ಅವರ ಹೆಂಡತಿಯೂ ಒಪ್ಪಿದ್ದರು. ನಾವು ಅವರನ್ನು ಕಾಕು ಎನ್ನುತ್ತಿದ್ದೆವು. ಬೀಡಿ ಎಂಬ ಊರಿನ ರೈತ ದಂಪತಿ ಮನೆ ನೋಡಲು ಬಂದರು.

“ನೀವ ನಿಂತ ಕಟ್ಟಿಸಿದ ಮನಿ. ಇದರಾಗ ನೋಡೂದೇನೈತ್ರಿ, ಸಾಹೇಬ್ರ?” ಎಂದರು ರೈತರು.

ಸರ್ ಕೇಳಲಿಲ್ಲ. ಕೋಲನ್ನು ನನ್ನ ಕೈಗಿಟ್ಟರು. “ತಂಗಿ, ನನ್ನ ಮನಿ ಅಂತ ತಿಳೀಬ್ಯಾಡ. ಹೆಂಗ ಕೇಳಸತೈತಿ ಹಂಗ ಹೇಳ.”

ತಟ್ಟುತ್ತ ಹೋದೆ. ನೆಲ ಗಟ್ಟಿ, ಗೋಡೆ ಗಟ್ಟಿ. ಅಡುಗೆಮನೆಯ ಸೂರಿಗೆ ಕೋಲು ಎತ್ತಿದಾಗ ಸದ್ದು ಬದಲಾಯಿತು. ಮೇಲೆ ಬಚ್ಚಲುಮನೆ ಇತ್ತು. ಸ್ವಲ್ಪ ಸರಿದು ತಟ್ಟಿದೆ. ಅಲ್ಲೂ ಪೊಳ್ಳು. ಹೇಳಿದರೆ ಸರ್ ಅವರ ಶಾಲೆ ಹೋಯಿತು. ಹೇಳದಿದ್ದರೆ ನಾಳೆ ಈ ಸೂರಿನ ಕೆಳಗೆ ಆ ರೈತರ ಹೆಂಡತಿ ರೊಟ್ಟಿ ಬಡಿಯುತ್ತ ಕೂತಿರುತ್ತಾಳೆ. ಕೋಲು ಕೆಳಗಿಳಿಸಿದೆ.

“ಸರ್, ಇಲ್ಲಿ ಪೊಳ್ಳ ಐತ್ರಿ.”

ಅವರು ಬಂದು ತಾವೇ ತಟ್ಟಿದರು. ಊರವರ ಮನೆಗಳನ್ನೆಲ್ಲ ತಟ್ಟಿದ ಮನುಷ್ಯ ತಮ್ಮ ಮನೆಯನ್ನು ಒಮ್ಮೆಯೂ ತಟ್ಟಿ ನೋಡಿರಲಿಲ್ಲ. ಮುಖ ಸಣ್ಣಗಾಯಿತು. ಆಮೇಲೆ ಅವರೇ ದಂಪತಿಯ ಕಡೆ ತಿರುಗಿ, “ಮ್ಯಾಲಿನ ನೀರ ಇಳದ ಒಳಗ ಕಬ್ಬಿಣಕ್ಕ ಜಂಗ ಹತ್ತಿರಬೇಕ್ರಿ. ಈ ಮನಿ ನೀವು ತಗೋಬ್ಯಾಡ್ರಿ,” ಎಂದರು.

ಬಂದವರು ಚಹಾ ಕುಡಿದು, ಕೈಮುಗಿದು ಹೋದರು. ಕಾಕು ಕಪ್ಪು-ಬಸಿಗಳನ್ನು ಎತ್ತಿಕೊಂಡು ಒಳಗೆ ನಡೆದರು. ನನಗೆ ಅಳು ತಡೆಯಲಾಗಲಿಲ್ಲ.

“ಯಾಕ ಅಳತಿ?” ಎಂದರು ಸರ್. “ನೀ ಸುಮ್ನ ಇದ್ದಿದ್ರ ನನ್ನ ಸಾಲಿ ಇವತ್ತ ಮುಚ್ಚತಿತ್ತವಾ.”

ಕೋಲನ್ನು ಅವರು ಮತ್ತೆ ಕೇಳಲಿಲ್ಲ. ಆ ಸೂರನ್ನು ಒಡೆಸಿ ಹೊಸದು ಹಾಕಿಸುವಷ್ಟರಲ್ಲಿ ಕೈಯಲ್ಲಿದ್ದ ಹಣ ಕರಗಿ ಶಾಲೆಯ ಮಾತು ಹಿಂದೆ ಬಿತ್ತು. ಕೊನೆಯವರೆಗೂ ಗಿರಣಿಯ ಮೇಲೆಯೇ, ಸದ್ದಿಗಿಂತ ಜೋರಾಗಿ ಕೂಗುತ್ತ ಕಲಿಸಿದರು. ಅವರಿಂದ ಕಲಿತವರು ಈಗ ಎಷ್ಟೋ ಊರುಗಳಲ್ಲಿದ್ದೇವೆ. ಸರ್ ಇಲ್ಲ. ಎದುರಿಗೆ ಇದ್ದಾಗ ಅವರಿಗೆ ಒಂದು ಒಳ್ಳೆಯ ಮಾತು ಹೇಳಬೇಕೆಂದು ನನಗೆ ಹೊಳೆದೇ ಇರಲಿಲ್ಲ...

ಹೋದ ವಾರ ರಾಮತೀರ್ಥ ನಗರದ ಆ ಮನೆಯಲ್ಲಿ ಮೂವರೂ ಚಪ್ಪಲಿ ಬಿಟ್ಟು ನೆಲದ ಮೇಲೆ ಕೂತೆವು. ಕಣ್ಣು ಮುಚ್ಚಿದೆವು. ತಂಪು, ಹಸಿ ಗಿಲಾವಿನ ವಾಸನೆ, ಎಲ್ಲೋ ಸರಿಯುವ ನೀರು... ಗಿರಣಿಯ ಸದ್ದಿಲ್ಲದ ಕೋಣೆ. ಕಣ್ಣು ಮುಚ್ಚಿರುವಷ್ಟು ಹೊತ್ತು ಅವರೂ ಅಲ್ಲೇ ಗೋಡೆಗೆ ಒರಗಿ ಕೂತಿದ್ದಾರೆ ಅನ್ನಿಸುತ್ತಿತ್ತು. ಅವರು ಕರೆಯಲೆಂದು ಕಾದೆ. ಹುಡುಗಿಯರಲ್ಲಿ ಒಬ್ಬಳು ಮೆಲ್ಲಗೆ ಕೆಮ್ಮಿದಳು. ಹೇಳಬೇಕಾದವಳು ಈಗ ನಾನೇ ಎಂದು ಆಗ ನೆನಪಾಯಿತು.

“ಏಳ್ರಿ ಇನ್ನ,” ಎಂದೆ.