ಮುಚ್ಚಿಹೋದ ತಂಡದ ಅಂಗಿ

ವಾಹನಗಳ ಚಕ್ರಕ್ಕೆ ಸಿಕ್ಕಿ ಕಾಳು ಉದುರಲೆಂದು ಜಂಗಮಕೋಟೆ ರಸ್ತೆಯಲ್ಲಿ ನಾವು ಹರಡಿದ್ದ ಹುರುಳಿ ಗಿಡಗಳ ಮೇಲೆ ರೇಸ್ ಸೈಕಲ್ಲಿನ ಹುಡುಗಿಯೊಬ್ಬಳು ಜಾರಿ ಬಿದ್ದಳು. ಓಡಿಹೋಗಿ ಎಬ್ಬಿಸಿದೆ. ಮೊಣಕಾಲು ತರಚಿ ರಕ್ತ ಬರುತ್ತಿತ್ತು. ಗಾಯ ತೊಳೆಯುತ್ತಾ, ಅಂಗಿಯ ಮೇಲಿದ್ದ ಹೆಸರು ಯಾರದೆಂದು ಕೇಳಿದೆ.

“ನಮ್ ಟೀಮ್‌ದು ಆಂಟಿ. ಸಂಬಳ ಕೊಟ್ಟು ರೇಸಿಗೆ ಕಳಿಸೋರು. ಒಂದೇ ವರ್ಷಕ್ಕೆ ಮುಚ್ಚೋಯ್ತು. ಭಾನುವಾರ ಇನ್ನೊಂದು ಟೀಮ್‌ಗೆ ಸೆಲೆಕ್ಷನ್ ಐತೆ.”

“ಈ ಕಾಲಲ್ಲಾ? ಮನೆಗೆ ಹೋಗಮ್ಮ ತಾಯಿ!” ಎಂದೆ.

“ಇವತ್ತು ಬೆಟ್ಟ ಹತ್ಲಿಲ್ಲ ಅಂದ್ರೆ ಭಾನುವಾರ ಹೆಂಗೆ ಹತ್ಲಿ? ಹುರುಳಿ ಚೆಲ್ಲಾಡ್ಬಿಟ್ಟೆ, ಬೈಕೋಬೇಡಿ ಆಂಟಿ” ಎಂದು ನಗುತ್ತಾ, ಕುಂಟುತ್ತಲೇ ಸೈಕಲ್ ಹತ್ತಿ ನಂದಿಯ ಕಡೆ ಹೊರಟಳು.

ಆಯ್ಕೆಯಾದಳೋ ಇಲ್ಲವೋ ಗೊತ್ತಿಲ್ಲ. ನಾವಂತೂ ಅಂದೇ ಹುರುಳಿಯನ್ನೆಲ್ಲ ಅಂಗಳಕ್ಕೆ ಹೊತ್ತು ತಂದು ಕೋಲಿನಿಂದಲೇ ಬಡಿದೆವು. ರಟ್ಟೆ ಇನ್ನೂ ನೋಯುತ್ತಿದೆ, ನೋಯಲಿ.