ಸೂಸೈಡ್ ಅಂದರೆ ನಗುವವರು

ಮೂವತ್ತು ವರ್ಷದಿಂದ ಇಂಗ್ಲಿಷ್ ಪಾಠ ಮಾಡುತ್ತಿರುವ ನನಗೆ ಕಳೆದ ತಿಂಗಳು ಒಬ್ಬ ಅಜ್ಜಿ ಇಂಗ್ಲಿಷ್ ಪಾಠ ಮಾಡಿದರು. ಚನ್ನರಾಯಪಟ್ಟಣದಿಂದ ಹಾಸನಕ್ಕೆ ಹೋಗುವ ಬಸ್ಸಿನಲ್ಲಿ. ಒಂದೇ ಒಂದು ಪದ. ಅವತ್ತಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ.

ನನ್ನ ಬಸ್ಸಿನ ಜೊತೆಗಾತಿ ಶೈಲಜಾ. (ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ. ಹೆಸರು ಬದಲಿಸಿದ್ದೇನೆ.) ಹಾಸನದ ಒಂದು ಶಾಲೆಯಲ್ಲಿ ಟೀಚರ್, ಇಬ್ಬರು ಮಕ್ಕಳ ತಾಯಿ, ನನಗಿಂತ ಇಪ್ಪತ್ತು ವರ್ಷ ಚಿಕ್ಕವಳು. ಮೊದಲು ಬಂದವರು ಇನ್ನೊಬ್ಬರಿಗೆ ಸೀಟು ಹಿಡಿಯಬೇಕು, ಅದು ನಮ್ಮ ಒಪ್ಪಂದ. ಕೂತ ತಕ್ಷಣ ಅವಳ ಮೊದಲ ಮಾತು ಹೆಚ್ಚುಕಮ್ಮಿ ಒಂದೇ.

“ಅಕ್ಕಾ, ಸೂಸೈಡ್ ಮಾಡ್ಕೊಂಬಿಡೋಣ ಅನ್ಸುತ್ತೆ.”

ಯಾಕಂತೆ? ಒಂದು ದಿನ ಪೇಪರ್ ಕರೆಕ್ಷನ್ನು. ಒಂದು ದಿನ ಪೇರೆಂಟ್ಸ್ ಮೀಟಿಂಗು. ಇನ್ನೊಂದು ದಿನ ಕುಕ್ಕರಿನ ಗ್ಯಾಸ್ಕೆಟ್ಟು! “ಮೊದ್ಲು ತಿಂಡಿ ತಿನ್ನು, ಆಮೇಲೆ ನೋಡೋಣ” ಅನ್ನುತ್ತಿದ್ದೆ. ಇಬ್ಬರೂ ನಗುತ್ತಿದ್ದೆವು.

ಅವಳೊಬ್ಬಳೇ ಏನು? ನಮ್ಮ ಕಾಲೇಜಿನ ಸ್ಟಾಫ್ ರೂಮಿಗೆ ಬನ್ನಿ. ಪ್ರಿನ್ಸಿಪಾಲರು ಮೀಟಿಂಗಿನಲ್ಲಿ ಎಲ್ಲರನ್ನೂ ‘ಮರ್ಡರ್’ ಮಾಡಿರುತ್ತಾರೆ. ಒಬ್ಬರನ್ನು ತಲೆನೋವು ‘ಕಿಲ್’ ಮಾಡುತ್ತಿರುತ್ತದೆ. ಇನ್ನೊಬ್ಬರು ಕೂತಲ್ಲೇ ‘ಟೈಮ್ ಕಿಲ್’ ಮಾಡುತ್ತಿರುತ್ತಾರೆ. ಪ್ರಶ್ನೆಪತ್ರಿಕೆ ಕಷ್ಟವಾದರೆ ‘ಕಿಲ್ಲರ್’, ಯಾರಾದರೂ ಒಳ್ಳೆಯ ಸೀರೆ ಉಟ್ಟು ಬಂದರೆ ಅದೂ ‘ಕಿಲ್ಲರ್’. ಮಧ್ಯಾಹ್ನದೊಳಗೆ ಇಷ್ಟೊಂದು ಕೊಲೆಗಳಾದರೂ ಯಾರ ಡಬ್ಬಿಯಲ್ಲೂ ಚಿತ್ರಾನ್ನ ಮಿಕ್ಕುವುದಿಲ್ಲ.

ಇದನ್ನೇ ಕನ್ನಡದಲ್ಲಿ ಹೇಳಿ ನೋಡಿ. ಹೊಳೆನರಸೀಪುರದ ನನ್ನ ತವರಿನಲ್ಲಿ ಸಿಟ್ಟಿಗೆ “ಸಾಯ್ತೀನಿ” ಅಂದರೂ ಸಾಕಿತ್ತು, ಅಮ್ಮ ಒಲೆಯ ಮುಂದಿನಿಂದಲೇ “ಬಿಡ್ತು ಅನ್ನು!” ಎಂದು ಗದರುತ್ತಿದ್ದಳು. ನಾವು “ಬಿಡ್ತು” ಅನ್ನುವವರೆಗೂ ತಟ್ಟೆಗೆ ಅನ್ನ ಬೀಳುತ್ತಿರಲಿಲ್ಲ. ಆಡಿದ ಕೆಟ್ಟ ಮಾತನ್ನು ಆಡಿದ ಬಾಯಿಂದಲೇ ವಾಪಸ್ ತೆಗೆಸುವ ಕ್ರಮ ಅದು. ‘ಸೂಸೈಡ್’ ಅಂದವರಿಗೆ ಯಾರಾದರೂ “ಬಿಡ್ತು ಅನ್ನು” ಅಂದದ್ದು ಕೇಳಿದ್ದೀರಾ? ನಾನಂತೂ ಆ ಮಂಗಳವಾರದವರೆಗೆ ಕೇಳಿರಲಿಲ್ಲ.

ಅವತ್ತೂ ಶೈಲಜಾ ಅದೇ ಮಾತು ಹೇಳಿದಳು. ನಾನೂ ಅದೇ ಜೋಕು ಹೊಡೆದೆ. ಮುಂದಿನ ಸೀಟಿನಲ್ಲಿದ್ದ ಅಜ್ಜಿ ತಿರುಗಿದರು. ಬಾಗೂರಿನವರಂತೆ, ಕಣ್ಣು ತೋರಿಸಲು ಹಾಸನಕ್ಕೆ ಹೊರಟಿದ್ದರು.

“ಯಾಕವ್ವಾ ಅಂಗಂತೀಯ? ಬುಡ್ತು ಅನ್ನು.”

“ತಮಾಷೆಗೆ ಅಂದಿದ್ದು ಕಣಜ್ಜಿ, ಅದು ಇಂಗ್ಲಿಷ್ ಮಾತು” ಅಂದೆ. (ಮೇಡಂ ಅಲ್ಲವೇ, ವಿವರಿಸುವ ಚಟ.)

“ಗೊತ್ತು ಕಣವ್ವಾ. ನಂಗೆ ಇಂಗ್ಲೀಸಲ್ಲಿ ಅದೊಂದೇ ಮಾತು ಬರಾದು. ನಮ್ ಸೊಸೆ ತೀರ್ಕಂಡಾಗ ಪೊಲೀಸ್ನೋರು ಬಂದೋರ್ಗೆಲ್ಲಾ ಅದ್ನೇ ಯೋಳೋರು. ಅವ್ಳೂ ನಗ್‌ನಗ್ತಾನೇ ಇದ್ಲು.”

ನಾನು ಪಕ್ಕಕ್ಕೆ ತಿರುಗಿದೆ. ಶೈಲಜಾ “ಬಿಡ್ತು” ಅನ್ನಲು ಬಾಯಿ ತೆರೆದಳು. ಮಾತು ಬರಲಿಲ್ಲ, ಅಳು ಬಂತು. ಅಜ್ಜಿ ಸೀಟಿನ ಮೇಲಿಂದ ಕೈ ಚಾಚಿ ಅವಳ ಕೈ ಹಿಡಿದುಕೊಂಡರು. ನನ್ನ ಕಡೆ ನೋಡಿ, “ಸುಮ್ಕೆ ಕುಂತಿದ್ದೀಯಲ್ಲವ್ವಾ, ಏನು ಅಂತ ಕೇಳು” ಅಂದರು.

ಕೇಳಿದೆ. “ಶೈಲೂ, ನಿಜವಾಗ್ಲೂ ಸಾಯ್ಬೇಕು ಅನ್ಸುತ್ತಾ?” ಕನ್ನಡದಲ್ಲಿ ಕೇಳಿದ್ದು ಅದೇ ಮೊದಲು.

ಅವಳು ಹೂಂ ಅಂದಳು. ಎಷ್ಟೋ ತಿಂಗಳಿಂದ ಸರಿಯಾಗಿ ನಿದ್ದೆಯಿಲ್ಲವಂತೆ. ಮಕ್ಕಳ ತಲೆ ಬಾಚುವಾಗಲೂ ಅದೇ ಯೋಚನೆಯಂತೆ. ಮನೆಯಲ್ಲಿ ಯಾರಿಗೂ ಹೇಳಿಲ್ಲವಂತೆ.

ಅವಳು ಶಾಲೆಗೆ ಹೋಗಲಿಲ್ಲ, ನಾನು ಕಾಲೇಜಿಗೆ ಹೋಗಲಿಲ್ಲ. ಹಾಸನದಲ್ಲಿ ಇಳಿದವರೇ ಸೀದಾ ಮನೋವೈದ್ಯರ ಹತ್ತಿರ ಹೋದೆವು. ಅವಳು ಒಪ್ಪಿದ ಮೇಲೆ ಗಂಡನಿಗೆ ಫೋನ್ ಮಾಡಿದೆ. ಅರಕಲಗೂಡಿನಲ್ಲಿ ಡ್ಯೂಟಿಯಲ್ಲಿದ್ದ ಮನುಷ್ಯ ಹಾಗೇ ಓಡಿಬಂದರು. ಈಗ ಮಾತ್ರೆ ಶುರುವಾಗಿದೆ, ವಾರಕ್ಕೊಮ್ಮೆ ಡಾಕ್ಟರ ಜೊತೆ ಮಾತು. ಸ್ವಲ್ಪ ನಿದ್ದೆ ಬರುತ್ತಿದೆಯಂತೆ.

ನಿದ್ದೆ ಬರದೆ ಒದ್ದಾಡುತ್ತಿರುವವಳು ಈಗ ನಾನು. ಸ್ಟಾಫ್ ರೂಮಿನಲ್ಲಿ ಯಾರಾದರೂ ಆ ಪದ ಅಂದರೆ ಸಾಕು, ಕೈಲಿದ್ದ ನೋಟ್ಸ್ ಕೆಳಗಿಟ್ಟು ಅವರ ಮುಖ ನೋಡುತ್ತೇನೆ. “ಏನ್ ಮೇಡಂ, ಹಂಗ್ ನೋಡ್ತೀರ?” ಎಂದು ರೇಗಿಸುತ್ತಾರೆ. ರೇಗಿಸಲಿ ಬಿಡಿ. ತಮಾಷೆಯೇ ಇರಬಹುದು. ಅಲ್ಲದಿದ್ದರೆ?

ಮೊನ್ನೆ ಶೈಲಜಾ ಮತ್ತೆ ಬಸ್ಸಿಗೆ ಬಂದಳು. ಶಾಂತಿಗ್ರಾಮ ದಾಟುವವರೆಗೂ ತಡೆದುಕೊಂಡೆ. ಆಮೇಲೆ ಆಗಲಿಲ್ಲ, ಕೇಳಿಯೇಬಿಟ್ಟೆ. “ಅಷ್ಟು ದಿನ ನಕ್ಕೊಂಡು ಹೇಳ್ತಿದ್ಯಲ್ಲೇ, ನಂಗೆ ಹೇಗೆ ಗೊತ್ತಾಗ್ಬೇಕಿತ್ತು?”

ಅವಳು ಮೆಲ್ಲಗೆ ಹೇಳಿದಳು, “ಮೊದ್ಲು ನಗ್ತಾ ಇದ್ದಿದ್ದು ನೀವು ಅಕ್ಕಾ.”